ಎಪ್ಪತ್ತೊಂದರ ಮೊಳೆ

ವಿರಾಜಪೇಟೆಯ ಕಾಫಿ ಡಿಪ್ಪೋ ಬೆನ್ನಿಗೆ
ಒಂಬತ್ತು ಮನೆ, ಒಂದೇ ಉದ್ದನೆ ತಗಡು.
ಮೊದಲ ಮನೆಯಲ್ಲಿ ಒಣಮೀನು ಸುಟ್ಟರೆ
ಒಂಬತ್ತನೆಯದರಲ್ಲಿ ಮಕ್ಕಳು ಅನ್ನ ಕೇಳುತ್ತಿದ್ದವು.
ನಮ್ಮದು ನಾಲ್ಕನೆಯದು.

ಪುತ್ತರಿಯ ಮರುದಿನವೋ ಅದರ ಮರುದಿನವೋ
ಯುದ್ಧ ಬಂತು,
ರೈಟರ್ ಗೋವಿಂದನ್ ಮನೆಯ ರೇಡಿಯೋದಿಂದ,
ಅರ್ಧ ಗೊರಗೊರ, ಅರ್ಧ ದಿಲ್ಲಿ.
ವಿಮಾನಕ್ಕೆ ಬೀಡಿಯ ತುದಿಯೂ ಕಾಣುತ್ತದಂತೆ!
ಆವತ್ತಿನಿಂದ ಅಪ್ಪ
ಗುಬ್ಬಿಮರಿ ಹಿಡಿದವನ ಹಾಗೆ ಬೀಡಿ ಹಿಡಿದ.
ಅಮ್ಮ ಡಿಪ್ಪೋದ ಹಳೆ ಕಾರ್ಬನ್ ಕಾಗದ ತಂದು
ಇದ್ದೊಂದು ಗಾಜಿಗೆ ಗಂಜಿಯಲ್ಲಿ ಅಂಟಿಸಿದಳು.
ರಾತ್ರಿ ಜಿರಳೆ ಗಂಜಿ ತಿಂದವು.

ನಲ್ಲಿಕಂಬದ ಒಂಟಿ ಬಲ್ಬು ಆರಿತು.
ಯಾರ ಕೊಡ, ಯಾರ ಜಡೆ, ತಿಳಿಯದ ಕತ್ತಲಲ್ಲಿ
ತುಳು, ತಮಿಳು, ಮಲೆಯಾಳ, ಕೊಡವ ತಕ್ಕ್.
ಬೈಗುಳವಂತೂ ಎಲ್ಲರಿಗೂ ಅರ್ಥವಾಗುತ್ತಿತ್ತು.

ಕಾಫಿ ಸಿಪ್ಪೆಯ ಗುಡ್ಡ ನಮ್ಮ ಗಡಿ.
ಶತ್ರು ಯಾರಾಗಬೇಕು ಅಂದಾಗ
ಎಲ್ಲರೂ ಮೊಯ್ದುವನ್ನು ನೋಡಿದೆವು.
ಅವನು ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ.
ಆಮೇಲೆ ಸೆಲ್ವಿಯ ತಮ್ಮನನ್ನು, ಇನ್ನೂ ಮಾತು ಬಾರದವನನ್ನು,
ಗುಡ್ಡದ ಆಚೆ ಕೂರಿಸಿದೆವು.
ಅಲ್ಲೇ ನಿದ್ದೆ ಹೋದ.

ಏಳನೇ ಮನೆ ಚೋಂದಮ್ಮನದು.
ಗಂಡ ನಾಣಯ್ಯ ಪಲ್ಟಣದಲ್ಲಿ,
ಪೂರ್ವವೋ ಪಶ್ಚಿಮವೋ, ಬರೆಯುವಂತಿಲ್ಲ.
ಅಮ್ಮನ ಪಕ್ಕ ಕೂತು ಬೀಜ ಆರಿಸುತ್ತಿದ್ದಳು:
ಕರಿಬೀಜ ಎಡಕ್ಕೆ, ಒಳ್ಳೇದು ಮೊರಕ್ಕೆ.

ಟಪ್ಪಾಲು ಮೊಣ್ಣಪ್ಪ ತಿರುವಿನಿಂದಲೇ
ಬೆಲ್ಲು ಬಾರಿಸುತ್ತ ಬಂದರೆ
ಮನಿಯಾರ್ಡರು, ಕಾಗದ, ಏನೋ ಒಂದು.
ತಂತಿಯಿದ್ದರೆ ಇಳಿದು, ಸೈಕಲ್ಲು ತಳ್ಳಿಕೊಂಡು ಬರುತ್ತಾನೆ.
ಹಾಗಂತ ಅವನೇನೂ ಹೇಳಿರಲಿಲ್ಲ.
ಆ ಕಡೆ ಬೀದಿಗೆ ಒಮ್ಮೆ ಹಾಗೆ ಬಂದಿದ್ದನಂತೆ.

ಆ ಮಂಗಳವಾರ ತಳ್ಳಿಕೊಂಡು ಬಂದ.

ಮೊರಗಳು ನಿಂತವು.
ಚೋಂದಮ್ಮ ಏಳಲಿಲ್ಲ.
ಕೈಯಲ್ಲಿದ್ದ ಬೀಜವನ್ನು ಹಾಗೇ ಮುಷ್ಟಿ ಕಟ್ಟಿದಳು.

"ಪಂಚರ್ರು ಮಾರಾಯ್ರೇ,
ಯಾವ ಬೇವರ್ಸಿ ನೆಟ್ಟನೋ ದಾರಿಯಲ್ಲಿ ಮೊಳೆ!"

ಹೆಂಗಸರು ನಕ್ಕರು. ಅಷ್ಟು ಜೋರಾಗಿ ನಗುವ ಹೆಂಗಸರನ್ನು
ನಾನು ಮತ್ತೆ ನೋಡಿಲ್ಲ.
ಅಮ್ಮ ನಗುತ್ತಲೇ, ಕಣ್ಣೊರೆಸುತ್ತಲೇ,
ಅವನ ಬೆನ್ನಿಗೆ ಮೊರದಿಂದ ಬಾರಿಸಿದಳು, ಮೂರು ಸಲ.
ಅವನ ಚೀಲದಲ್ಲಿದ್ದದ್ದು ಸೆಲ್ವಿಯ ಅಜ್ಜಿಯ ಇನ್‌ಲ್ಯಾಂಡು:
ಎಮ್ಮೆ ಈದಿದೆ, ಹೆಣ್ಣು ಕರು.

ಮೊಳೆ ನಮ್ಮದು. ನನ್ನದು, ಮೊಯ್ದುವಿನದು.
ಚಹಾ ಪೆಟ್ಟಿಗೆಯಿಂದ ಕಿತ್ತು, ತಲೆಕೆಳಗಾಗಿ ಊರಿ,
ಮಣ್ಣು ಸವರಿ, ಮೇಲೊಂದು ಎಲೆ ಮುಚ್ಚಿ
ಟ್ಯಾಂಕಿಗೆ ಇಟ್ಟದ್ದು.

ಚೋಂದಮ್ಮನ ಮುಷ್ಟಿ ಬಿಡಿಸಲು ಇಬ್ಬರು ಬೇಕಾಯಿತು.
ಅಂಗೈ ತುಂಬ ಅರ್ಧರ್ಧ ಸೀಳಿದ ಗುರುತು.
ಸಂಜೆಯವರೆಗೆ ಕರಿಬೀಜ ಮೊರಕ್ಕೂ
ಒಳ್ಳೇದು ಎಡಕ್ಕೂ ಹಾಕುತ್ತ ಹೋದಳು.
ಅಮ್ಮ ಮೊಣಕೈಯಿಂದ ತಿವಿದರೂ ನಿಲ್ಲಲಿಲ್ಲ.
ಗೋವಿಂದನ್ ಪುಸ್ತಕದಲ್ಲಿ ಬರೆದ:
ಬೆರಕೆ. ಕಡಿತ, ಐವತ್ತು ಪೈಸೆ.

ಯುದ್ಧ ಮುಗಿದು ಶಾಲೆಯಲ್ಲಿ ಪೆಪ್ಪರ್‌ಮಿಂಟು ಹಂಚಿದರು.
ಬಲ್ಬು ಹತ್ತಿತು, ಜಗಳಗಳಿಗೆ ಮುಖ ಬಂತು.
ಕಾರ್ಬನ್ ಕಾಗದ ಮಳೆಗಾಲದವರೆಗೂ ಗಾಜಿನಲ್ಲೇ ಇತ್ತು,
ಬಿಸಿಲಿಗೆ ಹಿಡಿದರೆ ಅದರಲ್ಲಿ ಯಾರದೋ ಲೆಕ್ಕ, ತಿರುಗುಮುರುಗು.
ಏಪ್ರಿಲಿನಲ್ಲಿ ನಾಣಯ್ಯ ಬಂದ,
ಕೈ ಕಾಲು ಎಲ್ಲ ಸರಿಯಾಗಿ,
ತಗಡಿನ ಡಬ್ಬಿ ತೆರೆದು ಮಕ್ಕಳಿಗೆಲ್ಲ ಬಿಸ್ಕತ್ತು ಕೊಟ್ಟ.
ನಾನು ಕೈ ಚಾಚಲಿಲ್ಲ.
ನಾಚಿಕೆ ಈ ಹುಡುಗಿಗೆ, ಅಂದಳು ಚೋಂದಮ್ಮ,
ತಾನೇ ಒಂದು ತೆಗೆದು ನನ್ನ ಬಾಯಿಗಿಟ್ಟಳು.

ಮೊಯ್ದು ಈಗ ಗೋಣಿಕೊಪ್ಪದಲ್ಲಿ
ಪಂಚರ್ ಅಂಗಡಿ ಇಟ್ಟಿದ್ದಾನೆ. ನಗಬೇಡಿ.
ಮೊನ್ನೆ ಫೋನಿನಲ್ಲಿ ಕೇಳಿದೆ:
ಆ ಐವತ್ತು ಪೈಸೆ ಯಾರಿಗೆ ಕೊಡೋಣ ಮಾರಾಯ?
ಅವನು ತುಸು ಹೊತ್ತು ಸುಮ್ಮನಿದ್ದು,
ಮೇಲೆ ಮುಚ್ಚಿದ್ದು ಹಲಸಿನ ಎಲೆ, ಅಂದ.

ಅಲ್ಲ, ಪೇರಳೆ.
ನನಗೆ ಚೆನ್ನಾಗಿ ನೆನಪಿದೆ, ಪೇರಳೆ.